ಬೆರಳು ಓದುವ ಪುಟದಲ್ಲಿ ಸಾಲು ಮತ್ತು ಕಂಡಿಕೆ

ಬೆಂಗಳೂರಿನಲ್ಲಿ ಕೆಂಗೇರಿಯಿಂದ ವಿಜಯನಗರಕ್ಕೆ ಮೆಟ್ರೋ ರೈಲಿನಲ್ಲಿ ಬಂದಿಳಿಯುವವರ ಪೈಕಿ ಎಷ್ಟು ಜನರು ನಿಲ್ದಾಣದ ನೆಲದುದ್ದಕ್ಕೂ ಕೂಡಿಸಿರುವ ಹಳದಿ ಹಂಚುಗಳನ್ನು ಗಮನವಿಟ್ಟು ನೋಡಿರುವರೋ ನಾನರಿಯೆ. ಆ ಹಂಚುಗಳಲ್ಲಿ ಎರಡು ಬಗೆ. ಒಂದರ ಮೈಮೇಲೆ ನೀಳವಾದ ಏಣುಗಳಿರುತ್ತವೆ; ಇನ್ನೊಂದರ ಮೈಮೇಲೆ ದುಂಡನೆಯ ಉಬ್ಬುಗಳಿರುತ್ತವೆ. ಏಣಿನ ಹಂಚು ‘ಇದೇ ದಾರಿ, ಮುಂದೆ ನಡೆ’ ಎಂದು ಹೇಳುವುದು. ಉಬ್ಬಿನ ಹಂಚು ‘ನಿಲ್ಲು, ಇಲ್ಲಿ ತಿರುವೋ ಮೆಟ್ಟಿಲೋ ಅಂಚೋ ಇದೆ’ ಎಂದು ಎಚ್ಚರಿಸುವುದು. ಕನ್ನಡ ಪದ್ಯಭಾಗವನ್ನು ಪಾಠ ಹೇಳಿಸಿಕೊಳ್ಳಲೆಂದು ವಾರಕ್ಕೊಮ್ಮೆ ಕೆಂಗೇರಿಯಿಂದ ನಮ್ಮ ಮನೆಗೆ ಬರುತ್ತಿದ್ದ, ಹುಟ್ಟಿದಂದಿನಿಂದಲೂ ಕಣ್ಣು ಕಾಣದ ಒಬ್ಬ ಪದವಿ ತರಗತಿಯ ವಿದ್ಯಾರ್ಥಿಯು ತನ್ನ ಬಿಳಿಯ ಕೋಲಿನ ತುದಿಯಿಂದಲೂ ಅಂಗಾಲಿನಿಂದಲೂ ಈ ಎರಡು ಮಾತುಗಳನ್ನು ಆಲಿಸುತ್ತ, ಯಾರ ಕೈಯನ್ನೂ ಹಿಡಿಯದೆ, ಆ ಜನಸಂದಣಿಯ ನಡುವೆ ಬಾಗಿಲವರೆಗೆ ನಡೆದುಬರುವುದನ್ನು ನಾನು ಹಲವು ಸಲ ನಿಂತು ನೋಡಿದ್ದೇನೆ. ಅಂಥವನ ಕೈಗೆ ನಾನು ಮೊದಲ ಸಲ ಕೊಟ್ಟ ಬ್ರೈಲ್ ಹಾಳೆಗಳಲ್ಲಿ ದಾರಿಯ ಗುರುತು ಒಂದೂ ಇರಲಿಲ್ಲ.

ನಡೆದದ್ದಿಷ್ಟು. ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯಿಂದ ಪಠ್ಯಕ್ಕೆ ಬೇಕಾದ ಪದ್ಯಗಳನ್ನು ಬರೆದುಕೊಂಡು ಬಂದು, ಅವುಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ, ಬ್ರೈಲ್ ಮುದ್ರಣದ ಯಂತ್ರವಿದ್ದ ಒಂದೆಡೆಗೆ ಕಳುಹಿಸಿದೆನು. ನನ್ನ ಪರದೆಯ ಮೇಲೆ ಪದ್ಯಗಳು ಅಚ್ಚಿನ ಪುಸ್ತಕದಲ್ಲಿದ್ದಷ್ಟೇ ಅಂದವಾಗಿದ್ದುವು: ಆರಾರು ಸಾಲು, ಮೂರನೆಯದೂ ಆರನೆಯದೂ ಕೊಂಚ ಒಳಕ್ಕೆ, ಶೀರ್ಷಿಕೆ ನಡುಮಧ್ಯದಲ್ಲಿ. ಈ ಒಳಸರಿಕೆಯನ್ನೂ ನಡುವನ್ನೂ ನಾನು ಸಾಧಿಸಿದ್ದು ಖಾಲಿ ಜಾಗದ ಕೀಲಿಯನ್ನು ಮತ್ತೆ ಮತ್ತೆ ಒತ್ತಿ. ಹಾಳೆಗಳು ಬಂದುವು. ವಿದ್ಯಾರ್ಥಿಯು ಅವುಗಳ ಮೇಲೆ ಕೈಯಾಡಿಸಿದನು, ಒಂದೆರಡು ನಿಮಿಷ ಸುಮ್ಮನಿದ್ದನು, ಆಮೇಲೆ ಸಂಕೋಚದಿಂದ ಕೇಳಿದನು: “ಮೇಷ್ಟ್ರೇ, ಇದು ಪದ್ಯವೋ ಗದ್ಯವೋ? ಸಾಲು ಎಲ್ಲಿ ಮುಗೀತು ಅಂತ ಗೊತ್ತೇ ಆಗ್ತಿಲ್ಲ.” ಷಟ್ಪದಿಯ ಆರು ಪಾದಗಳೂ ಒಂದಕ್ಕೊಂದು ಬೆಸೆದುಕೊಂಡು ಒಂದೇ ಕಂಡಿಕೆಯಾಗಿದ್ದುವು. ಶೀರ್ಷಿಕೆಯು ಮೊದಲ ಪದ್ಯದ ನೆತ್ತಿಗೆ ಅಂಟಿಕೊಂಡಿತ್ತು. ಅಕ್ಷರವೊಂದೂ ತಪ್ಪಿಲ್ಲದಂತೆ ತೋರುತ್ತಿತ್ತು. ಕಾವ್ಯ ಮಾತ್ರ ಕಾಣೆಯಾಗಿತ್ತು. ಅದು ಯಂತ್ರದ ಅಪರಾಧವಲ್ಲ, ನನ್ನ ಅಜ್ಞಾನದ ಫಲ. ಆ ಅಜ್ಞಾನ ನನ್ನೊಬ್ಬನದಲ್ಲವೆಂದು ಬಲ್ಲೆನಾದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಬ್ರೈಲ್ ಲಿಪಿಯ ಸ್ವರೂಪವನ್ನು ಮೊದಲು ಹೇಳಬೇಕು. ಫ್ರಾನ್ಸ್ ದೇಶದ ಕೂವ್ರೇ ಎಂಬ ಹಳ್ಳಿಯಲ್ಲಿ 1809ರಲ್ಲಿ ಹುಟ್ಟಿ, ಕುದುರೆಯ ಜೀನುಗಳನ್ನು ಮಾಡುವ ತಂದೆಯ ಕಾರ್ಖಾನೆಯಲ್ಲಿ ಮೂರು ವರ್ಷದ ಮಗುವಾಗಿದ್ದಾಗ ಹರಿತವಾದ ಉಪಕರಣವೊಂದು ಕಣ್ಣಿಗೆ ತಗುಲಿ ದೃಷ್ಟಿಯನ್ನು ಕಳೆದುಕೊಂಡ ಲೂಯಿ ಬ್ರೈಲನು 1829ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದನು. ಮೇಲಿಂದ ಕೆಳಕ್ಕೆ ಎರಡು ಸಾಲಾಗಿ ಮೂರು ಮೂರು ಚುಕ್ಕೆ, ಒಟ್ಟು ಆರು. ಇವುಗಳಲ್ಲಿ ಕೆಲವು ಉಬ್ಬಿ ಕೆಲವು ಉಬ್ಬದೆ ಒಟ್ಟು 63 ಆಕೃತಿಗಳಾಗುತ್ತವೆ. ಈ ಆರು ಚುಕ್ಕೆಗಳ ಮನೆಯನ್ನು ಕೋಶವೆನ್ನೋಣ. ನಮ್ಮ ದೇಶದಲ್ಲಿ ಹಿಂದೆ ಪ್ರಾಂತಕ್ಕೊಂದು ಬಗೆಯ ಬ್ರೈಲ್ ಏರ್ಪಾಡುಗಳಿದ್ದುವು, ಮೈಸೂರಿನದೂ ಅವುಗಳಲ್ಲೊಂದು. ಇವೆಲ್ಲವನ್ನೂ ಒಂದುಗೂಡಿಸಿದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಇದರಲ್ಲಿ ಕಕಾರವು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ತಮಿಳಿನಲ್ಲಿಯೂ ಒಂದೇ, ಅಂದರೆ 1 ಮತ್ತು 3ನೆಯ ಚುಕ್ಕೆ.

ಕನ್ನಡದ ಅಚ್ಚಿನ ಅಕ್ಷರವು ಗೋಪುರದಂತೆ ಮೇಲಕ್ಕೂ ಕೆಳಕ್ಕೂ ಬೆಳೆಯುವುದು: ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಅಡಿಯಲ್ಲಿ ಒತ್ತು. ಬ್ರೈಲಿನಲ್ಲಿ ಇವೆಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಬೇಕು. ‘ಕನ್ನಡ’ ಎಂಬ ಮೂರಕ್ಷರದ ಮಾತು ಐದು ಕೋಶಗಳನ್ನು ಹಿಡಿಯುವುದು. ಕಕಾರ, ನಕಾರದ ಸ್ವರವನ್ನು ಕಳೆಯುವ 4ನೆಯ ಚುಕ್ಕೆ, ಒಂದು ನಕಾರ, ಮತ್ತೊಂದು ನಕಾರ, ಡಕಾರ. ನಮ್ಮ ಬಡಾವಣೆಗಳ ಹೆಸರುಗಳನ್ನೇ ತೆಗೆದುಕೊಳ್ಳಬಹುದು. ‘ವಿಜಯನಗರ’ ಆರಕ್ಷರದಿಂದ ಏಳು ಕೋಶಕ್ಕೆ ಬೆಳೆಯುವುದು, ‘ರಾಜಾಜಿನಗರ’ ಆರರಿಂದ ಒಂಬತ್ತಕ್ಕೆ, ‘ಬಸವೇಶ್ವರನಗರ’ ಎಂಟರಿಂದ ಹನ್ನೊಂದಕ್ಕೆ. ಮೂರೇ ಅಕ್ಷರದ ‘ಕೆಂಗೇರಿ’ಗೆ ಏಳು ಕೋಶಗಳು ಬೇಕು. ಇತ್ತ ಹಾಳೆಯಲ್ಲಿಯಾದರೋ ಜಾಗ ಪರಿಮಿತ. ದೊಡ್ಡ ಬ್ರೈಲ್ ಹಾಳೆಯ ಒಂದು ಸಾಲಿನಲ್ಲಿ ಹಿಡಿಯುವುದು ಸುಮಾರು 40 ಕೋಶಗಳು, ಪುಟಕ್ಕೆ 25 ಸಾಲುಗಳು. ಕಚೇರಿಗಳಲ್ಲಿ ಬಳಸುವ ಸಾಮಾನ್ಯ ಅಳತೆಯ ಹಾಳೆಯಾದರೆ ಸಾಲಿಗೆ ಸುಮಾರು 30 ಕೋಶಗಳು ಮಾತ್ರ. ಆದುದರಿಂದಲೇ ಅಚ್ಚಿನ ಒಂದು ಪುಟ ಬ್ರೈಲಿನಲ್ಲಿ ಎರಡು ಮೂರು ಪುಟಗಳಾಗುವುದು, ಮತ್ತು ಒಂದೊಂದು ಸಾಲಿಗೂ ಒಂದೊಂದು ಖಾಲಿ ಕೋಶಕ್ಕೂ ಅಲ್ಲಿ ಬೆಲೆಯುಂಟಾಗುವುದು.

ಗಣಕಯಂತ್ರಗಳು ಬರುವುದಕ್ಕೆ ಮುನ್ನ ಈ ಮಣಿ ಪೋಣಿಸುವ ಕಾರ್ಯವನ್ನು ಮನುಷ್ಯರೇ ಮಾಡುತ್ತಿದ್ದರು. ಸ್ಲೇಟಿನಲ್ಲಿ ಹಾಳೆಯನ್ನು ಸಿಕ್ಕಿಸಿ, ಮೊನೆಗಡ್ಡಿಯಿಂದ ಬಲದಿಂದ ಎಡಕ್ಕೆ ಒಂದೊಂದಾಗಿ ಚುಕ್ಕೆಯನ್ನು ಚುಚ್ಚುತ್ತ, ಇಲ್ಲವೇ ಚುಕ್ಕೆಗೊಂದರಂತೆ ಆರು ಕೀಲಿಗಳಿರುವ ಪರ್ಕಿನ್ಸ್ ಬ್ರೈಲ್ ಬೆರಳಚ್ಚು ಯಂತ್ರದ ಮುಂದೆ ಕುಳಿತು. ಬರೆಯುವವರಿಗೆ ಓದುವ ಬೆರಳಿನ ಕಷ್ಟಸುಖಗಳು ತಿಳಿದಿರುತ್ತಿದ್ದುವು. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಎರಡು ಮನೆ ಬಿಡಬೇಕು ಎಂಬುದನ್ನು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಆ ಕೆಲಸ ತಂತ್ರಾಂಶದ್ದು. ಅಮೆರಿಕದಲ್ಲಿ 1975ರಲ್ಲಿ ಜೋಸೆಫ್ ಸಲಿವನ್ ಮತ್ತು ರಾಬರ್ಟ್ ಗಿಲ್ಡಿಯಾ ಸ್ಥಾಪಿಸಿದ ಡಕ್ಸ್‌ಬರಿ ಸಂಸ್ಥೆಯ ಬ್ರೈಲ್ ಪರಿವರ್ತಕವು ಇಂದು ಕನ್ನಡವೂ ಸೇರಿದಂತೆ ನೂರಕ್ಕೂ ಮಿಕ್ಕ ಭಾಷೆಗಳನ್ನು ಬಲ್ಲದು. ಕಣ್ಣೂ ಕಿವಿಯೂ ಇಲ್ಲದಿದ್ದ ಜಾನ್ ಬೋಯರ್ ಎಂಬ ಸಾಹಸಿಯು 2002ರಲ್ಲಿ ಆರಂಭಿಸಿ, ಲೂಯಿ ಬ್ರೈಲನ ಹೆಸರನ್ನೇ ಇಟ್ಟ ‘ಲಿಬ್‌ಲೂಯಿ’ ಎಂಬ ಮುಕ್ತ ತಂತ್ರಾಂಶದಲ್ಲಿಯೂ ಕನ್ನಡದ ಕೋಷ್ಟಕವಿದೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಭೇದವಿದೆ. ಬ್ರೈಲಿಗೆ ಪರಿವರ್ತಿಸುವುದೆಂದರೆ ಒಂದು ಕೆಲಸವಲ್ಲ, ಎರಡು. ಅಕ್ಷರವನ್ನು ಚುಕ್ಕೆಯಾಗಿಸುವುದು ಮೊದಲನೆಯದು; ಚುಕ್ಕೆಗಳನ್ನು ಹಾಳೆಯ ಮೇಲೆ ಕೂಡಿಸುವುದು ಎರಡನೆಯದು. ಮೊದಲನೆಯದನ್ನು ಯಂತ್ರವು ಕೋಷ್ಟಕವನ್ನು ನೋಡಿಕೊಂಡು ತಾನೇ ಮಾಡಿಬಿಡುವುದು. ಎರಡನೆಯದಕ್ಕೆ ಅದು ನಮ್ಮ ಮಾತನ್ನು ಕಾಯುತ್ತದೆ. ಏಕೆಂದರೆ ಯಂತ್ರದ ಪಾಲಿಗೆ ನಾವು ಕೊಟ್ಟ ಬರಹವೆಲ್ಲವೂ ಒಂದೇ ಪ್ರವಾಹ. ನಮ್ಮ ಪರದೆಯ ಸಾಲು ಎಲ್ಲಿ ಮುಗಿಯಿತೆಂಬುದರಿಂದ ಅದಕ್ಕೇನೂ ಆಗಬೇಕಾದ್ದಿಲ್ಲ, ಬ್ರೈಲಿನ ಸಾಲಿನ ಉದ್ದವೇ ಬೇರೆಯಾದುದರಿಂದ ಹಾಗಾಗುವುದು ಯುಕ್ತವೂ ಹೌದು. ಈ ಪ್ರವಾಹದ ನಡುನಡುವೆ, ಚೌಕಾಕಾರದ ಆವರಣಚಿಹ್ನೆಯೊಳಗೆ ಒಂದೆರಡು ಅಕ್ಷರಗಳನ್ನಿಟ್ಟು ನಾವು ಯಂತ್ರಕ್ಕೆ ಕೊಡುವ ಆಣತಿಗಳೇ ವಿನ್ಯಾಸ ಸಂಜ್ಞೆಗಳು. ಡಕ್ಸ್‌ಬರಿಯಲ್ಲಿ ಇವನ್ನು ಕಣ್ಣಿಗೆ ಕಾಣುವಂತೆ ತೆರೆದುಕೊಳ್ಳಬಹುದು, ಬೇಡವೆಂದರೆ ಮರೆಮಾಡಬಹುದು. ಅಚ್ಚಾದ ಹಾಳೆಯಲ್ಲಿ ಇವುಗಳ ಸುಳಿವೇ ಇರುವುದಿಲ್ಲ, ಇವುಗಳ ಫಲ ಮಾತ್ರ ಇರುವುದು.

ಸಂಜ್ಞೆಗಳಲ್ಲಿ ಅತ್ಯಂತ ಸರಳವಾದುದು ‘ಇಲ್ಲಿಂದ ಹೊಸ ಸಾಲು’ ಎಂಬುದು. ಕಂಡಿಕೆಯ ಸಂಜ್ಞೆ ಇದಕ್ಕಿಂತ ಹೆಚ್ಚಿನ ಭಾರವನ್ನು ಹೊರುವುದು: ನಡೆಯುತ್ತಿರುವ ಸಾಲನ್ನು ಮುಗಿಸು, ಮುಂದಿನ ಸಾಲಿಗೆ ಇಳಿ, ಎರಡು ಕೋಶಗಳನ್ನು ಬರಿದಾಗಿ ಬಿಟ್ಟು ಮೂರನೆಯದರಿಂದ ಆರಂಭಿಸು, ಅಲ್ಲಿಂದಾಚೆಯ ಸಾಲುಗಳನ್ನೆಲ್ಲ ಮೊದಲನೆಯ ಕೋಶದಿಂದಲೇ ತೆಗೆ, ಎಂಬ ನಾಲ್ಕು ಅಪ್ಪಣೆಗಳು ಆ ಒಂದು ಗುರುತಿನಲ್ಲಿ ಅಡಗಿವೆ. ಒಂದು ಸಾಲನ್ನು ಖಾಲಿ ಬಿಡಲು, ಶೀರ್ಷಿಕೆಯನ್ನು ಮಧ್ಯಕ್ಕೆ ತರಲು, ಹೊಸ ಪುಟವನ್ನು ತೊಡಗಲು, ಒಂದು ಪದ್ಯವು ಎರಡು ಪುಟಗಳಿಗೆ ಹರಿದುಹೋಗದಂತೆ ಒಟ್ಟಾಗಿ ಹಿಡಿದಿಡಲು ಬೇರೆ ಬೇರೆ ಸಂಜ್ಞೆಗಳುಂಟು. ಈಚೆಗೆ ಇವುಗಳನ್ನು ಕೈಯಾರೆ ಇಡುವ ಬದಲು ‘ಶೈಲಿ’ ಎಂಬ ಹೆಸರಿನ ಕಟ್ಟುಗಳಾಗಿ ಬಳಸುವುದೇ ರೂಢಿ. ಬರಹವನ್ನು ಸಿದ್ಧಪಡಿಸುವಾಗಲೇ ಇದು ಶೀರ್ಷಿಕೆ, ಇದು ಕಂಡಿಕೆ, ಇದು ಪಟ್ಟಿ ಎಂದು ಗುರುತಿಸಿಟ್ಟರೆ ಪರಿವರ್ತಕವು ಅದಕ್ಕೊಪ್ಪುವ ಬ್ರೈಲ್ ಶೈಲಿಯನ್ನು ತಾನೇ ಹಚ್ಚಿಕೊಳ್ಳುವುದು. ಇದರ ಪರಮಪ್ರಯೋಜನವೇನೆಂದರೆ, ಸಂಜ್ಞೆಯು ಜಾಗವನ್ನು ಅಳೆದು ಕೊಡುವುದಿಲ್ಲ, ಉದ್ದೇಶವನ್ನು ಹೇಳುತ್ತದೆ. ಹೀಗಾಗಿ ಒಂದೇ ಕಡತವು 40 ಕೋಶದ ಹಾಳೆಗೂ 30 ಕೋಶದ ಹಾಳೆಗೂ ಕೆಡದೆ ಹೊಂದಿಕೊಳ್ಳುವುದು. ನಾನು ಒತ್ತಿದ್ದ ಖಾಲಿ ಜಾಗಗಳಿಗೆ ಆ ಗುಣ ಎಲ್ಲಿಂದ ಬರಬೇಕು? ಯಂತ್ರವು ಅವುಗಳ ಸಾಲನ್ನೆಲ್ಲ ಒಂದೇ ಖಾಲಿಯಾಗಿ ಕುಗ್ಗಿಸಿತು; ನನ್ನದು ಶೈಲಿಗಳಿಲ್ಲದ ಬರಿಯ ಪಠ್ಯದ ಕಡತವಾದುದರಿಂದ, ಪಾದದ ಕೊನೆಯಲ್ಲಿ ನಾನು ಒಮ್ಮೆ ಒತ್ತಿದ್ದ ಎಂಟರ್ ಕೀಲಿಯನ್ನು, ಹಾಳೆಯ ಅಂಚಿನಲ್ಲಿ ಸಹಜವಾಗಿ ಮಡಿಚಿದ ಸಾಲೆಂದೇ ಭಾವಿಸಿ, ಮುಂದಿನದಕ್ಕೆ ಜೋಡಿಸಿತು.

ಇದಕ್ಕೆ ವಿರುದ್ಧವಾದ ಅನಾಹುತವೂ ಉಂಟು. ಪಿಡಿಎಫ್ ಪುಸ್ತಕವೊಂದರಿಂದ ಗದ್ಯಭಾಗವನ್ನು ನಕಲು ಮಾಡಿಕೊಂಡಾಗ ಅನೇಕ ವೇಳೆ ಅಚ್ಚಿನ ಪ್ರತಿಯೊಂದು ಸಾಲಿನ ಕೊನೆಯೂ ಕಂಡಿಕೆಯ ಕೊನೆಯಂತೆಯೇ ಬಂದುಬಿಡುವುದು. ಅದನ್ನು ಹಾಗೆಯೇ ಪರಿವರ್ತಿಸಿದರೆ ಸಾಲು ಸಾಲಿಗೂ ಎರಡು ಕೋಶದ ಒಳಸರಿಕೆ ಬೀಳುವುದು. ಓದುವವನ ಬೆರಳು ಪ್ರತಿಯೊಂದು ಸಾಲಿನಲ್ಲಿಯೂ ‘ಇಲ್ಲಿ ಹೊಸ ವಿಷಯ ಆರಂಭವಾಯಿತು’ ಎಂಬ ಸುಳ್ಳು ಸುದ್ದಿಯನ್ನು ಕೇಳುತ್ತ ಸಾಗಬೇಕಾಗುವುದು. ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳದು ಇನ್ನೂ ಒಂದು ಪಾಡು. ಅವುಗಳ ಒಳಗಿರುವುದು ಕನ್ನಡದ ರೂಪಗಳನ್ನು ತೊಟ್ಟ ಇಂಗ್ಲಿಷ್ ಸಂಕೇತಗಳಾದುದರಿಂದ ಪರಿವರ್ತಕದ ಕಣ್ಣಿಗೆ ಅದು ಕನ್ನಡವೇ ಅಲ್ಲ. ಮೊದಲು ಯೂನಿಕೋಡಿಗೆ ತಂದ ಮೇಲಷ್ಟೇ ಸಾಲು ಕಂಡಿಕೆಗಳ ಮಾತು.

ಕಣ್ಣಿರುವವರಿಗೆ ಈ ಕಾಳಜಿಯೆಲ್ಲ ಅತಿಯೆಂದು ತೋರಬಹುದು. ನಾವು ಪುಟವನ್ನು ಓದುವುದಕ್ಕೆ ಮೊದಲೇ ನೋಡಿಬಿಡುತ್ತೇವೆ. ಇದು ಪದ್ಯ, ಇದು ಸಂಭಾಷಣೆ, ಅಗೋ ಅಲ್ಲಿ ಅಧ್ಯಾಯದ ಕೊನೆ, ಎಂದು ಒಂದಕ್ಷರವನ್ನೂ ಓದದೆಯೇ ಅರಿತುಕೊಳ್ಳುತ್ತೇವೆ. ಬೆರಳಿಗೆ ಈ ವಿಹಂಗಮ ದೃಷ್ಟಿಯಿಲ್ಲ; ಅದರ ಅಡಿಯಲ್ಲಿ ಯಾವ ಗಳಿಗೆಯಲ್ಲಾದರೂ ಇರುವುದು ಒಂದೇ ಕೋಶ. ಆದರೂ ನುರಿತ ಓದುಗರು ಒಂದು ಉಪಾಯವನ್ನು ಸಾಧಿಸಿರುತ್ತಾರೆ. ಬಲಗೈ ಬೆರಳು ಸಾಲಿನ ಕೊನೆಯ ಪದಗಳನ್ನು ಓದುತ್ತಿರುವಾಗಲೇ ಎಡಗೈ ಬೆರಳು ಹಿಂದಿರುಗಿ ಮುಂದಿನ ಸಾಲಿನ ಮೊದಲ ಕೋಶವನ್ನು ಹಿಡಿದು ಕಾದಿರುವುದು. ಆ ಬೆರಳಿಗೆ ಅಕ್ಷರ ಸಿಕ್ಕಿದರೆ ಮಾತು ಮುಂದುವರಿದಿದೆಯೆಂದರ್ಥ; ಎರಡು ಬರಿಯ ಮನೆಗಳು ಸಿಕ್ಕಿದರೆ ಹೊಸ ಕಂಡಿಕೆ. ಪುಟದಲ್ಲೇನೋ ಹುಡುಕಬೇಕಾದಾಗ ಇದೇ ಎಡಗೈ ಬೆರಳು ಅಂಚಿನ ಉದ್ದಕ್ಕೂ ಕೆಳಗಿಳಿಯುತ್ತ, ಬರಿದಾದ ಮನೆಗಳನ್ನೇ ಮೈಲಿಗಲ್ಲುಗಳಾಗಿ ಎಣಿಸುವುದು. ನನ್ನ ವಿದ್ಯಾರ್ಥಿಯು ಪ್ರಬಂಧವೊಂದರಲ್ಲಿ ತನಗೆ ಬೇಕಾದ ಏಳನೆಯ ಕಂಡಿಕೆಯನ್ನು ಹೀಗೆ ಹುಡುಕಿ ತೆಗೆಯುವುದಕ್ಕೆ ನಾನು ಕನ್ನಡಕವನ್ನು ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಆ ಎರಡು ಖಾಲಿ ಕೋಶಗಳನ್ನು ಕಸಿದುಕೊಂಡರೆ ಆತನು ಪುಟದ ಮೊದಲಿನಿಂದ ಪದಪದವನ್ನೂ ತಡವುತ್ತ ಬರಬೇಕು.

ಗದ್ಯದ ಗತಿ ಇದಾದರೆ ಪದ್ಯದ ಮಾತು ಮತ್ತೂ ಸೂಕ್ಷ್ಮವಾದುದು. ಕುಮಾರವ್ಯಾಸನ ಆ ಪದ್ಯಗಳ ಛಂದಸ್ಸಾದ ಭಾಮಿನೀ ಷಟ್ಪದಿಯ ಮೊದಲನೆಯ, ಎರಡನೆಯ, ನಾಲ್ಕನೆಯ, ಐದನೆಯ ಪಾದಗಳಿಗೆ 14 ಮಾತ್ರೆಗಳು. ಮೂರನೆಯದಕ್ಕೂ ಆರನೆಯದಕ್ಕೂ 23. ಬ್ರೈಲಿನಲ್ಲಿ ಚಿಕ್ಕ ಪಾದವು 30 ಕೋಶದ ಸಾಲಿನೊಳಗೆ ಸಾಧಾರಣವಾಗಿ ಅಡಗುವುದು, ದೊಡ್ಡ ಪಾದವು ಮಿಕ್ಕು ಮುಂದಿನ ಸಾಲಿಗೆ ಹರಿಯುವುದು. ಹರಿದ ಆ ತುಂಡು ಮೊದಲ ಕೋಶದಲ್ಲಿಯೇ ಕುಳಿತರೆ ಓದುಗನು ಅದನ್ನು ಹೊಸ ಪಾದವೆಂದು ತಿಳಿದು, ಆರು ಪಾದದ ಪದ್ಯದಲ್ಲಿ ಎಂಟನ್ನು ಎಣಿಸಿ, ಎಲ್ಲಿ ತಪ್ಪಿದೆನೆಂದು ತೊಳಲಬೇಕಾಗುವುದು. ಆದುದರಿಂದ ಪದ್ಯಕ್ಕೆ ಕಂಡಿಕೆಗೆ ವಿಪರೀತವಾದ ನಿಯಮವನ್ನು ಇಟ್ಟಿದ್ದಾರೆ: ಪಾದವು ಮೊದಲನೆಯ ಕೋಶದಿಂದ ಹೊರಡಲಿ, ಉಕ್ಕಿ ಹರಿದದ್ದು ಮೂರನೆಯ ಕೋಶದಿಂದ ತೊಡಗಲಿ. ಹೀಗೆ ಎಡದ ಅಂಚಿನಲ್ಲಿ ಅಕ್ಷರ ಮುಟ್ಟಿದ್ದೆಲ್ಲವೂ ಪಾದದ ಮೊದಲು, ಬರಿದು ಮುಟ್ಟಿದ್ದೆಲ್ಲವೂ ಹಿಂದಿನ ಪಾದದ ಬಾಲ. ಅದೇ ಎರಡು ಖಾಲಿ ಮನೆಗಳು ಗದ್ಯದಲ್ಲಿ ಆರಂಭವನ್ನೂ ಪದ್ಯದಲ್ಲಿ ಅನುವೃತ್ತಿಯನ್ನೂ ಸೂಚಿಸುವ ಈ ಜಾಣ್ಮೆಯನ್ನು ತಿಳಿದಂದು ನನಗೆ ನಮ್ಮ ಛಂದಶ್ಶಾಸ್ತ್ರಕಾರರ ನೆನಪಾಯಿತು.

ನಮ್ಮ ಓಲೆಗರಿಯ ಗ್ರಂಥಗಳಲ್ಲಿ ಪಾದಕ್ಕೊಂದು ಸಾಲೂ ಇರಲಿಲ್ಲ, ಕಂಡಿಕೆಯೂ ಇರಲಿಲ್ಲ, ಪದಗಳ ನಡುವೆ ತೆರಪೂ ಇರಲಿಲ್ಲವಲ್ಲ, ಹಿರಿಯರು ಓದಲಿಲ್ಲವೇ ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಓದಿದರು, ನಿಜ. ಗರಿಯ ಈ ತುದಿಯಿಂದ ಆ ತುದಿಗೆ ಎಡೆಬಿಡದೆ ಹರಿದ ಬರಹದಲ್ಲಿ ಅವರು ಪಾದವನ್ನು ಬಿಡಿಸಿಕೊಂಡದ್ದು ಕಿವಿಯ ಬಲದಿಂದ. ಗಮಕಿಯ ಬಾಯಿಂದ ನೂರು ಸಲ ಕೇಳಿದ ಪದ್ಯ ಅವರ ಎದೆಯಲ್ಲಿ ಮೊದಲೇ ಪಂಕ್ತಿಗೊಂಡಿರುತ್ತಿತ್ತು, ಗರಿಯು ಜ್ಞಾಪಕಕ್ಕೆ ಆಸರೆ ಮಾತ್ರ. ಮೊದಲ ಸಲ ಒಂದು ಪದ್ಯವನ್ನು ತಾನೊಬ್ಬನೇ ಓದಿ ಅರ್ಥಮಾಡಿಕೊಳ್ಳಬೇಕಾದ ಇಂದಿನ ವಿದ್ಯಾರ್ಥಿಯಿಂದ, ಅವನಿಗೆ ಕಣ್ಣಿಲ್ಲವೆಂಬ ಒಂದೇ ಕಾರಣಕ್ಕಾಗಿ, ಓಲೆಗರಿಯ ಕಾಲದ ವಿದ್ವತ್ತನ್ನು ನಿರೀಕ್ಷಿಸುವುದು ಯಾವ ನ್ಯಾಯ? ಅವನ ಪಕ್ಕದಲ್ಲಿ ಕೂರುವ ಸಹಪಾಠಿಗೆ ಅಚ್ಚಿನ ಪುಸ್ತಕವು ಪಾದಗಳನ್ನು ಬಿಡಿಸಿ, ಸಾಲು ಹಚ್ಚಿ, ಸಂಖ್ಯೆಯಿಟ್ಟು ಕೊಡುತ್ತಿದೆಯಲ್ಲವೇ?

ಕನ್ನಡ ಪದ್ಯದ ಸಾಲು ಮುರಿಯುವುದರಿಂದ ನಷ್ಟವಾಗುವ ಮತ್ತೊಂದು ವಸ್ತುವೂ ಉಂಟು, ಅದು ಆದಿಪ್ರಾಸ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನ ಬರಬೇಕೆಂಬುದು ನಮ್ಮ ಕವಿಗಳು ಶತಮಾನಗಳ ಕಾಲ ಪಾಲಿಸಿದ ಕಟ್ಟಲೆ. ಅಚ್ಚಿನ ಪುಟದಲ್ಲಿ ಸಾಲುಗಳು ಒಂದರ ಕೆಳಗೊಂದು ನಿಂತಾಗ ಈ ಅಕ್ಷರಗಳು ಕಂಬದಂತೆ ಕಣ್ಣಿಗೆ ಹೊಡೆಯುತ್ತವೆ. ಬ್ರೈಲಿನಲ್ಲಿ ಮೊದಲಕ್ಷರದ ಸ್ವರಕ್ಕೆ ತಕ್ಕಂತೆ ಪ್ರಾಸಾಕ್ಷರವು ಎರಡನೆಯ ಕೋಶದಲ್ಲೋ ಮೂರನೆಯ ನಾಲ್ಕನೆಯದರಲ್ಲೋ ಬೀಳುವುದರಿಂದ ಕಂಬ ಅಷ್ಟು ನೆಟ್ಟಗಿರುವುದಿಲ್ಲ. ಆದರೆ ಎಡದ ಅಂಚಿನಲ್ಲಿ ಕೆಳಗಿಳಿಯುವ ಬೆರಳಿಗೆ ಅದು ಖಂಡಿತ ಸಿಕ್ಕುವುದು. ಸಾಲು ತಪ್ಪಿದ ಹಾಳೆಯಲ್ಲಿ ಆ ಬೆರಳಿಗೆ ಸಿಕ್ಕುವುದೇನು? ಯಾವುದೋ ಪಾದದ ನಡುವಿನ ಯಾವುದೋ ಅಕ್ಷರ.

ಕಾನೂನು ಇಂದು ನಮ್ಮ ಕೈಯನ್ನು ಕಟ್ಟಿಹಾಕಿಲ್ಲ. 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯದ ಕಾಯಿದೆಯು ಅಂಧರಿಗಾಗಿ ಪುಸ್ತಕಗಳನ್ನು ಓದಲು ಒದಗುವ ರೂಪಕ್ಕೆ ತರುವುದಕ್ಕೆ ಅವಕಾಶ ಕೊಟ್ಟಿದೆ. ಇದೇ ಉದ್ದೇಶದಿಂದ 2013ರಲ್ಲಿ ಮರಾಕೇಶಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದುದು ಭಾರತವೇ. ಮೈಸೂರಿನ ತಿಲಕ್ ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಬೆಂಗಳೂರಿನಲ್ಲಿ ಮಿತ್ರಜ್ಯೋತಿಯಂತಹ ಸಂಸ್ಥೆಗಳು ಬ್ರೈಲ್ ಪುಸ್ತಕಗಳನ್ನು ಸಿದ್ಧಪಡಿಸುತ್ತಿವೆ. ಇಂಥಲ್ಲಿಗೆ ಬರುವ ಕಡತವು ಹೊರಗೆ ಎಲ್ಲೋ ಹುಟ್ಟಿದ್ದಾಗಿರುತ್ತದೆ: ಪ್ರಕಾಶಕರ ಕಚೇರಿಯಲ್ಲಿ, ಅಧ್ಯಾಪಕರ ಮನೆಯಲ್ಲಿ, ರಾಜಾಜಿನಗರದ ಯಾವುದೋ ಅಡ್ಡರಸ್ತೆಯ ಡಿಟಿಪಿ ಅಂಗಡಿಯಲ್ಲಿ. ಅಲ್ಲಿ ಬೆರಳಚ್ಚು ಮಾಡುವವರು ಶೀರ್ಷಿಕೆಗೆ ಶೀರ್ಷಿಕೆಯ ಶೈಲಿಯನ್ನೇ ಹಚ್ಚಿ, ಕಂಡಿಕೆ ಮುಗಿದಲ್ಲಿ ಮಾತ್ರ ಎಂಟರ್ ಒತ್ತಿ, ಪದ್ಯದ ಪಾದ ಮುಗಿದಲ್ಲಿ ಶಿಫ್ಟ್ ಸಹಿತವಾಗಿ ಎಂಟರ್ ಒತ್ತಿ, ಒಳಸರಿಕೆಗಾಗಿ ಖಾಲಿ ಜಾಗಗಳನ್ನು ಸುರಿಯದೆ ಇದ್ದರೆ, ಬ್ರೈಲ್ ಸಿದ್ಧಪಡಿಸುವವರ ದಿನಗಟ್ಟಲೆಯ ತಿದ್ದುವ ಕೆಲಸ ಉಳಿಯುವುದು. ಇದಕ್ಕೆ ಕಾಸಿನ ಖರ್ಚಿಲ್ಲ, ಬ್ರೈಲ್ ಕಲಿತಿರಬೇಕಾದ ಅಗತ್ಯವೂ ಇಲ್ಲ.

ನಾನು ಅದೇ ಪದ್ಯಗಳನ್ನು ಮತ್ತೊಮ್ಮೆ ಕುಳಿತು ಸರಿಪಡಿಸಿದೆನು. ಈ ಸಲ ಹಾಳೆಗಳು ಬಂದಾಗ ಪ್ರತಿಯೊಂದು ಪಾದವೂ ಅಂಚಿನಿಂದ ಹೊರಟಿತ್ತು, ದೊಡ್ಡ ಪಾದಗಳ ಬಾಲಗಳು ಮೂರನೆಯ ಕೋಶದಲ್ಲಿದ್ದುವು, ಪದ್ಯಕ್ಕೂ ಪದ್ಯಕ್ಕೂ ನಡುವೆ ಒಂದು ಸಾಲು ಬರಿದಾಗಿತ್ತು. ವಿದ್ಯಾರ್ಥಿಯು ಮೊದಲು ಓದಲೇ ಇಲ್ಲ. ಎಡಗೈಯ ತೋರುಬೆರಳನ್ನು ಅಂಚಿನ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಜಾರಿಸಿದನು. ಬಾಲಗಳನ್ನು ದಾಟಿ, ಒಂದು, ಎರಡು, ಮೂರು ಎಂದು ಆರರವರೆಗೆ ಮನಸ್ಸಿನಲ್ಲೇ ಎಣಿಸಿದಂತೆ ಕಂಡಿತು. ಎರಡನೆಯ ಪದ್ಯದಲ್ಲಿ ಬೆರಳು ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂದಿತು.

“ಐದನೇ ಸಾಲಿನಲ್ಲಿ ಪ್ರಾಸ ಕೂಡ್ತಾ ಇಲ್ಲ ಮೇಷ್ಟ್ರೇ,” ಎಂದನು. “ಮಿಕ್ಕ ಐದರಲ್ಲೂ ನಕಾರ ಇದೆ, ಇದೊಂದರಲ್ಲಿ ಮಾತ್ರ ಣಕಾರ ಬಂದಿದೆ.”

ಪುಸ್ತಕವನ್ನು ತೆರೆದು ನೋಡಿದೆನು. ಅಲ್ಲಿ ಇದ್ದುದು ನಕಾರವೇ. ಬೆರಳಚ್ಚು ಮಾಡುವಾಗ ಶಿಫ್ಟ್ ಕೀಲಿ ಒತ್ತಿಹೋಗಿ ಅದು ಣಕಾರವಾಗಿತ್ತು. ಎರಡು ಸಲ ಕರಡನ್ನು ತಿದ್ದಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕಡತದಲ್ಲಿ ಆ ಅಕ್ಷರವನ್ನು ಸರಿಪಡಿಸಿದೆನು. ಆತನು ಮೂರನೆಯ ಪದ್ಯದ ಅಂಚಿಗೆ ಬೆರಳನ್ನು ಇಳಿಸಿದನು.